ಕವಲುದಾರಿಯ ಬಾರ್ಲಿ

ದೊನ್ ಕ್ರಿಸಾಂತೊ ಪುಲಿದೊ ಅವರು ದಿಣ್ಣೆಗಳನ್ನು ಬ್ರೆಡ್ಡಿನ ಬುಟ್ಟಿಗಳಲ್ಲಿ ಅಳೆಯುತ್ತಾರೆ. ಇಪ್ಪತ್ತಾರು ವರ್ಷ ಅವರು ಸೊತಾಲಿಯ ಬೇಕರಿಯಿಂದ ಸುತ್ತಲಿನ ನಾಲ್ಕು ಸಂತೆ ಊರುಗಳಿಗೆ ಸೈಕಲ್ಲಿನಲ್ಲಿ ಬ್ರೆಡ್ಡು ಒಯ್ದವರು. ಮುಂದೊಂದು ಬುಟ್ಟಿ, ಹಿಂದೊಂದು ಬುಟ್ಟಿ. ಎರಡನ್ನೂ ಹೊತ್ತು ಇಳಿಯದೆ ತುಳಿಯಬಹುದಾದ ಏರು ಅವರ ಪಾಲಿಗೆ ಏರೇ ಅಲ್ಲ. ಒಂದು ಬುಟ್ಟಿಯನ್ನು ಕೆಳಗೆ ಯಾರದಾದರೂ ಮನೆಯಲ್ಲಿ ಬಿಟ್ಟು, ಇನ್ನೊಂದನ್ನು ಮೇಲೆ ಮುಟ್ಟಿಸಿ, ಮತ್ತೆ ಇಳಿದು ಬಂದು ಒಯ್ಯಬೇಕಾದರೆ ಅದು ‘ಎರಡು ಸಲದ ಏರು’. ಈಗ ಒಂದೇ ಬೆರಳಲ್ಲಿ ಎತ್ತಬಹುದಾದ ಸೈಕಲ್ಲುಗಳಲ್ಲಿ ಬರುವ ಹುಡುಗರೂ ಹಾಗೇ ಹೇಳುತ್ತಾರೆ: “ಮುಂದಿಂದು ಎರಡು ಸಲದ್ದು ಕಣೋ, ಈಗ್ಲೇ ನೀರು ಕುಡ್ಕೊ.”

ಬೇಕರಿಯವರು ವ್ಯಾನು ತಂದಾಗ ಅವರ ಕೆಲಸ ಹೋಯಿತು. ಆಗ ಸೈಕಲ್ ಸಂಘದವರು ಅವರನ್ನು ಕರೆದು, ಜನವರಿಯ ಸವಾರಿಗೆ ದಾರಿ ಹಾಕಿಕೊಡಿ ಎಂದರು. ಹದಿನೆಂಟು ವರ್ಷವಾಯಿತು. ಅವರು ಎಂದೂ ಪಂದ್ಯದಲ್ಲಿ ಓಡಿಸಿದವರಲ್ಲ. ಯಾರಾದರೂ ಕೇಳಿದರೆ, “ನಾನು ಯಾವತ್ತೂ ಮೊದಲು ಬಂದಿಲ್ಲ. ಬ್ರೆಡ್ಡು ಬಿಸಿ ಇರುವಾಗ ಬಂದಿದೀನಿ, ಅಷ್ಟೆ” ಅನ್ನುತ್ತಾರೆ.

ಸವಾರಿ ತೊಂಬತ್ತು ಕಿಲೋಮೀಟರು, ಐದು ಊರು. ಪ್ರತಿ ಊರಿಗೂ ಸೈಕಲ್ಲುಗಳು ತನ್ನ ಚೌಕದ ಮೂಲಕವೇ ಹೋಗಬೇಕೆಂಬ ಆಸೆ. ಆದರೆ ಗುವಾನೆಯಲ್ಲಿ ಭಾನುವಾರವೇ ಸಂತೆ. ಎಂಟು ಗಂಟೆಗೆ ದನಗಳು ಬಂದುಬಿಡುತ್ತವೆ. ಯಾವ ಊರಿನ ಪಾದ್ರಿ ಪ್ರಾರ್ಥನೆಯನ್ನು ಎಳೆಯುತ್ತಾರೆ, ಜನ ಎಷ್ಟು ಹೊತ್ತಿಗೆ ಚರ್ಚಿನಿಂದ ರಸ್ತೆಗಿಳಿಯುತ್ತಾರೆ ಎಂಬುದೂ ದೊನ್ ಕ್ರಿಸಾಂತೊ ಅವರಿಗೆ ಗೊತ್ತು. ಡಿಸೆಂಬರ್ ಪೂರ್ತಿ ಅವರು ಇದನ್ನೆಲ್ಲ ಕೇಳುತ್ತ ಓಡಾಡುತ್ತಾರೆ. ಸವಾರಿಯ ಹಿಂದಿನ ದಿನ ಶನಿವಾರ ಸುಣ್ಣಕ್ಕೆ ಪಾಪಾಸುಕಳ್ಳಿಯ ಲೋಳೆ ಕಲಸಿ, ಬಕೆಟ್ಟು ಹಿಡಿದು ಹೊರಡುತ್ತಾರೆ. ರಸ್ತೆಯ ಮೇಲೆ ತಿರುವಿಗೆ ಮೂರು ಬಾಣ: ಒಂದು ತಿರುವಿಗೆ ಮುಂಚೆ, ಒಂದು ತಿರುವಿನಲ್ಲಿ, ಒಂದು ತಿರುಗಿದ ಮೇಲೆ. ಮೂರನೆಯದು ಅನುಮಾನಕ್ಕೆ.

ಜನವರಿ ನಮ್ಮಲ್ಲಿ ಬಾರ್ಲಿಯ ಕಾಲ. ಡಾಂಬರು ಬೇಗ ಕಾಯುವುದರಿಂದ ಎಲ್ಲರೂ ಕಾಳನ್ನು ರಸ್ತೆಯ ಮೇಲೆಯೇ ಒಣಹಾಕುತ್ತೇವೆ. ಅದಕ್ಕೇ ಅವರು ಬಾಣ ಬರೆಯುವ ಮುಂಚೆ ರಸ್ತೆಬದಿಯ ಒಂದೊಂದು ಮನೆಯ ಬಾಗಿಲನ್ನೂ ತಟ್ಟುತ್ತಾರೆ.

ನಮ್ಮ ಮನೆ ಇರುವುದು ಕವಲಿನಲ್ಲಿ. ಎಡಕ್ಕೆ ಹೋದರೆ ರಾಂಚಲ್, ಸವಾರಿಯ ದಾರಿ ಅದೇ. ಬಲಕ್ಕೆ ಹೋದರೆ ಹದಿನಾಲ್ಕು ಕಿಲೋಮೀಟರು ಬರೀ ಇಳಿಜಾರು, ಕೊನೆಗೆ ಹೊಳೆ. ಎರಡು ವರ್ಷದ ಹಿಂದಿನ ಆ ಶನಿವಾರ ಮಧ್ಯಾಹ್ನ ಅವರು ಬಂದಾಗ ಅಮ್ಮ ಆಲೂಗಡ್ಡೆ ಹೊಲದಲ್ಲಿದ್ದರು. ನಾನೊಬ್ಬಳೇ ಇದ್ದೆ. ದೊನ್ ಕ್ರಿಸಾಂತೊ ಚಿಕ್ಕವರನ್ನೂ ‘ತಾವು’ ಎಂದೇ ಮಾತಾಡಿಸುತ್ತಾರೆ.

“ಯುರಾನಿ, ನಾಳೆ ಒಂಬತ್ತರ ತನಕ ತಾವು ಕವಲಲ್ಲಿ ಬಾರ್ಲಿ ಹರಡ್ಬೇಡಿ. ಆಮೇಲೆ ರಸ್ತೆ ಪೂರ್ತಿ ತಮ್ದೇ.”

ನಾನು ತಲೆಯಾಡಿಸಿದೆ.

“ಅದು ಹೂಂ ಅಂತ ತಾನೆ? ನೊಣ ಓಡ್ಸಿದ್ದಲ್ಲ ತಾನೆ?”

ನನಗೆ ನಗು ಬಂತು. “ಹೂಂ” ಅಂದೆ.

ಅಮ್ಮನಿಗೆ ಇದನ್ನು ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಅಮ್ಮ ಚರ್ಚಿಗೆ ಹೊರಟಾಗ, “ಒಳ್ಳೆ ಬಿಸ್ಲು ಬರೋ ಹಾಗಿದೆ, ಬಾರ್ಲಿ ಹರಡು ಮಗಾ” ಎಂದರು. ಸರಿ ಎಂದೆ.

ನಾನು ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು. ನನ್ನ ಜೊತೆ ಓದುತ್ತಿದ್ದವರು ಕೆಲವರು ಸವಾರಿಗೆ ಬರುತ್ತಾರೆ, ಕೆಲವರು ಅದನ್ನು ನೋಡಲು ಬಂದು ಮಧ್ಯಾಹ್ನದವರೆಗೂ ರಸ್ತೆಯಲ್ಲಿರುತ್ತಾರೆ. ಹಿಂದಿನ ವರ್ಷ ಒಬ್ಬಳು ಎಲ್ಲರೆದುರು, “ಯುರಾನಿ, ನೀನೀಗ ಯಾವ ಕ್ಲಾಸೇ?” ಎಂದು ಕೇಳಿದ್ದಳು. ಒಂಬತ್ತರ ಮೇಲೆ ಹರಡಿದರೆ ಅಮ್ಮನ ರಬ್ಬರು ಬೂಟು ಹಾಕಿಕೊಂಡು ಕುಂಟೆ ಎಳೆಯುವ ನನ್ನನ್ನು ಅವರು ನೋಡುತ್ತಾರೆ. ಅದಕ್ಕೇ ಆರೂವರೆಗೆ, ರಸ್ತೆಯಲ್ಲಿ ಯಾರೂ ಇಲ್ಲದಾಗ, ಹರಡಿದೆ. ನಾಲ್ಕು ಚೀಲ ಇದ್ದವು. ಮೂರು ಚೀಲಕ್ಕೆ ಬಾಣಗಳನ್ನು ಬಿಟ್ಟು ಜಾಗ ಸಾಕಾಯಿತು. ನಾಲ್ಕನೆಯದನ್ನು ಬಾಣಗಳ ಮೇಲೆ ಸುರಿದೆ. ಚೀಲ ತಾನಾಗಿ ಬೀಳಲಿಲ್ಲ, ನಾನೇ ಸುರಿದೆ. ಗಾಡಿಗಳು ಹಾಯದಿರಲಿ ಎಂದು ಸುತ್ತಲೂ ಕಲ್ಲಿಟ್ಟೆ. ರಾಂಚಲಿನ ದಾರಿಯ ಬಾಯಿ ಮುಚ್ಚಿತು.

ಎಂಟು ಗಂಟೆಯ ಸುಮಾರಿಗೆ ಸವಾರರು ಬಂದರು. ಮುಂದಿದ್ದವರು ತುಂಜಾ, ಸೊಗಮೊಸೊ ಕಡೆಯವರು, ಈ ದಾರಿ ಗೊತ್ತಿಲ್ಲದವರು. ಆದರೆ ಎಲ್ಲರೂ ಹಳ್ಳಿಯಲ್ಲಿ ಹುಟ್ಟಿದವರೇ. ಬೇರೆಯವರ ಕಾಳಿನ ಮೇಲೆ ಚಕ್ರ ಹಾಯಿಸುವವರು ನಮ್ಮಲ್ಲಿ ಯಾರೂ ಇಲ್ಲ.

“ಕಾಳು! ಕಾಳು! ಬಲಕ್ಕೆ ತಗೊಳ್ರೋ!” ಎಂದು ಮುಂದಿನವನು ಕೂಗಿದ. ಎಲ್ಲರೂ ಬಲಕ್ಕೆ ತಿರುಗಿದರು.

ನಾನು ಕಿಟಕಿಯ ಪರದೆಯ ಹಿಂದೆ ಇದ್ದೆ. ಬಾಗಿಲಿನಿಂದ ರಸ್ತೆಗೆ ಹನ್ನೆರಡು ಹೆಜ್ಜೆ. ಹಿಂದೆ ಇನ್ನೂ ನಲವತ್ತು ಜನ ಬರುತ್ತಿದ್ದರು, ಕೂಗಿದ್ದರೆ ಅವರಾದರೂ ನಿಲ್ಲುತ್ತಿದ್ದರು. ಅವರ ನಡುವೆ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಫೆರ್ನೆಯ್ ಕಂಡ. ನಾನು ಪರದೆ ಎಳೆದುಕೊಂಡೆ.

ಅರವತ್ತೆರಡು ಜನ ಹೊಳೆಯವರೆಗೆ ಇಳಿದು, ಮೂರು ಸಲದ ಏರನ್ನು ಬಿಸಿಲಲ್ಲಿ ತುಳಿದು ವಾಪಸು ಬಂದರು. ಸೊಗಮೊಸೊದ ಒಬ್ಬಳು ದಾರಿಯಲ್ಲೇ ತಲೆ ತಿರುಗಿ ಬಿದ್ದಳು, ಹಾಲಿನ ಲಾರಿಯಲ್ಲಿ ಕರೆತಂದರು. ರಾಂಚಲಿನ ಹೆಂಗಸರು ಮಾಡಿಟ್ಟ ಆಲೂಗಡ್ಡೆ ಸಾರು ಆರಿ ಕೆನೆಗಟ್ಟಿತಂತೆ.

ಬುಧವಾರ ಸಂಜೆ ಚರ್ಚಿನ ಪಕ್ಕದ ಕೋಣೆಯಲ್ಲಿ ಸಂಘದ ಸಭೆ. ಬಾರ್ಲಿ ನಮ್ಮದಾದ್ದರಿಂದ ನಮ್ಮನ್ನೂ ಕರೆದರು. ಸಂಘದ ಅಧ್ಯಕ್ಷ ದೊನ್ ಎವೆಲಿಯೊ, ಹಗ್ಗ-ಬೀಜದ ಅಂಗಡಿ ಇಟ್ಟವರು. ಮೊದಲು ಅಮ್ಮನನ್ನು ಕೇಳಿದರು.

“ದೊನ್ಯಾ ಬೆಲ್ಮಿರಾ, ಹರಡ್ಬೇಡಿ ಅಂತ ನಿಮ್ಗೆ ಯಾರಾದ್ರೂ ಹೇಳಿದ್ರಾ?”

“ನಂಗ್ಯಾರೂ ಹೇಳ್ಲಿಲ್ಲ. ಹೇಳಿದ್ರೆ ಹರಡ್ತಿದ್ವಾ? ನಾವೇನು ಅಷ್ಟು ತಿಳಿಗೇಡಿಗಳಾ?”

ಅಧ್ಯಕ್ಷರು ದೊನ್ ಕ್ರಿಸಾಂತೊ ಕಡೆ ತಿರುಗಿದರು. “ಆ ಮನೆಗೆ ಹೋಗಿದ್ರೋ ಇಲ್ವೋ?”

ದೊನ್ ಕ್ರಿಸಾಂತೊ ಕೈಯಲ್ಲಿದ್ದ ಟೋಪಿಯನ್ನು ಒಂದು ಸುತ್ತು ತಿರುಗಿಸಿದರು. ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

“ಆ ಮನೆ ಮರ್ತೆ” ಎಂದರು.

ಹಿಂದಿನಿಂದ ಯಾರೋ, “ಬ್ರೆಡ್ಡು ಕೊಡೋ ಮನೆ ಮರೀತಿರ್ಲಿಲ್ಲ ಯಜಮಾನ್ರು!” ಎಂದರು. ನಗು. ಮುಂದಿನ ವರ್ಷದಿಂದ ದಾರಿಯನ್ನು ಎಲ್ಲರ ಫೋನಿಗೇ ಕಳಿಸೋಣ, ಸುಣ್ಣ ಬೇಡ ಎಂದು ತೀರ್ಮಾನವಾಯಿತು. ದೊನ್ ಕ್ರಿಸಾಂತೊ ಹೊರಗೆ ಹೋಗಿ, ಸೈಕಲ್ಲಿಗೆ ಕಟ್ಟಿದ್ದ ಬಕೆಟ್ಟು ಬಿಚ್ಚಿ ತಂದು ಬಾಗಿಲ ಬಳಿ ಇಟ್ಟರು.

ದಾರಿಯಲ್ಲಿ ಅಮ್ಮ, “ಪಾಪ, ವಯಸ್ಸಾಯ್ತು” ಎಂದರು. ಸ್ವಲ್ಪ ದೂರ ಹೋಗಿ ಮತ್ತೆ, “ಪಾಪ” ಎಂದರು. ನಾನು ಆಗಲೂ ಹೇಳಲಿಲ್ಲ.

ಹತ್ತೊಂಬತ್ತು ದಿನ ಹೇಳಲಿಲ್ಲ. ಸಂತೆಯಲ್ಲಿ ಗಂಡಸರು, “ಮನೆ ದಾರಿ ನೆನ್ಪಿದ್ಯಾ, ದೊನ್ ಕ್ರಿಸಾಂತೊ? ಬಾಣ ಹಾಕ್ಕೊಡ್ಲಾ?” ಎಂದು ಕೇಳುತ್ತಿದ್ದರು. ಅದಕ್ಕೆ ಅವರೂ ನಗುತ್ತಿದ್ದರು. ತಮಾಷೆಗಿಂತ ಕನಿಕರ ಕೆಟ್ಟದ್ದಾಗಿತ್ತು. ಜನ ಅವರಿಗೆ ಎಲ್ಲವನ್ನೂ ಎರಡೆರಡು ಸಲ ಹೇಳತೊಡಗಿದರು. ಹತ್ತೊಂಬತ್ತನೆಯ ದಿನ, ಸೋಮವಾರ, ಸೊತಾಲಿಯ ಸಂತೆಯಲ್ಲಿ ಮೊಟ್ಟೆ ಮಾರುವಾಕೆ ಅವರ ತೋಳು ಹಿಡಿದು, ಗಟ್ಟಿಯಾಗಿ, “ಹನ್ನೆರಡು ಮೊಟ್ಟೆ, ದೊನ್ ಕ್ರಿಸಾಂತೊ. ಹನ್-ನೆ-ರಡು. ಗೊತ್ತಾಯ್ತಾ?” ಎಂದಳು.

“ಗೊತ್ತಾಯ್ತಮ್ಮ” ಎಂದರು ಅವರು, ಮೆಲ್ಲಗೆ.

ಐದು ಊರಿನ ಒಂದೊಂದು ಬಾಗಿಲನ್ನೂ ನೆನಪಿಟ್ಟವರು ಅವರು. ನಾನು ಪಕ್ಕದಲ್ಲೇ ಬಟಾಣಿ ಮೂಟೆ ಹಿಡಿದು ನಿಂತಿದ್ದೆ.

“ಅವ್ರು ಮರ್ತಿಲ್ಲ” ಎಂದೆ.

“ಏನಂದೆ ಮಗಾ? ಜೋರಾಗಿ ಹೇಳು.”

“ಅವ್ರು ನಮ್ಮನೆಗೆ ಬಂದಿದ್ರು. ನಂಗೇ ಹೇಳಿದ್ರು. ಹೂಂ ಅಂದು ನಾನೇ ಹರಡಿದ್ದು. ಅಮ್ಮಂಗೂ ಹೇಳ್ಲಿಲ್ಲ.”

ಎದುರು ಅಂಗಡಿಯಿಂದ ದೊನ್ ಎವೆಲಿಯೊ ಕೈಯಲ್ಲಿ ಹಗ್ಗ ಹಿಡಿದುಕೊಂಡೇ ಬಂದರು.

“ಹಾಗಾದ್ರೆ ನೀವ್ಯಾಕೆ ಮರ್ತೆ ಅಂದ್ರಿ?”

ದೊನ್ ಕ್ರಿಸಾಂತೊ ಅವರಿಗೆ ನನ್ನ ಮೇಲೆ ಸಿಟ್ಟು ಬಂದಿತ್ತು, ಹೇಳಿದ್ದಕ್ಕೆ ಸಿಟ್ಟು. “ನಂಗೆ ಎಪ್ಪತ್ತಾಯ್ತು ಎವೆಲಿಯೊ. ನಂಗೆ ಮರೆವು ಅಂದ್ರೆ ಜನ ನಗ್ತಾರೆ, ಮನೆಗೆ ಹೋಗ್ತಾರೆ. ಇವ್ರಿಗೆ ಹದಿನಾರು. ಮನೆ ಇರೋದು ಕವಲಲ್ಲಿ. ದಿನಾ ಎಲ್ರೂ ಆ ಬಾಗ್ಲು ಮುಂದೇನೇ ಹೋಗ್ಬೇಕು.”

ಮೂರು ಅಂಗಡಿಯಾಚೆ ಬಟಾಣಿ ಮಾರುತ್ತಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬೈಯಲಿಲ್ಲ. ಅರ್ಧ ಮಾಲು ಉಳಿದಿದ್ದರೂ ತಾಡಪಾಲು ಮಡಿಸಿದರು.

ವಾರದೊಳಗೆ ದೊನ್ ಎವೆಲಿಯೊ ತಾವೇ ಹೋಗಿ ಬಕೆಟ್ಟು ಹಿಂದಿರುಗಿಸಿದರು. ಈಗ ಫೋನಿನ ದಾರಿಯೂ ಇದೆ, ಸುಣ್ಣದ ಬಾಣವೂ ಇದೆ. ಆದರೆ ಸಂಘದ ನಡಾವಳಿ ಪುಸ್ತಕದಲ್ಲಿ ಆ ವರ್ಷದ ಪುಟದಲ್ಲಿ, ‘ಕ್ರಿಸಾಂತೊ ಪುಲಿದೊ ಕವಲಿನ ಮನೆಗೆ ತಿಳಿಸಲು ಮರೆತರು’ ಎಂದು ಬರೆದಿತ್ತು. ಹೊಡೆದು ಹಾಕಿ ಎಂದು ಕಾರ್ಯದರ್ಶಿಯನ್ನು ಕೇಳಿಕೊಂಡೆ.

“ಬರ್ದಿದ್ದನ್ನ ಹೊಡೆಯೋ ಹಾಗಿಲ್ಲ. ಬೇಕಾದ್ರೆ ಕೆಳಗೆ ಬರ್ದು ರುಜು ಹಾಕು.”

ಮೂರು ಸಾಲಿನ ಜಾಗ ಇತ್ತು. ಮೊದಲು ಮನೆಯಲ್ಲಿ ಬೇರೆ ಹಾಳೆಯ ಮೇಲೆ ಬರೆದು ತಿದ್ದಿಕೊಂಡು ಹೋಗಿ ಬರೆದೆ: ಅವರು ಮರೆಯಲಿಲ್ಲ. ಶನಿವಾರ ಮಧ್ಯಾಹ್ನ ನನಗೆ ಹೇಳಿದ್ದರು. ಬಾಣದ ಮೇಲೆ ಹರಡಿದವಳು ನಾನು. ಪೂರ್ತಿ ಹೆಸರು ಬರೆದೆ.

ಹಿಂದಿನ ಸವಾರಿಗಳನ್ನು ತಾವು ಎಷ್ಟು ಹೊತ್ತಿನಲ್ಲಿ ಮುಗಿಸಿದ್ದೆವೆಂದು ನೋಡಲು ಎಲ್ಲ ಸವಾರರೂ ಆ ಪುಸ್ತಕ ತಿರುವುತ್ತಾರೆ. ಹಾಗಾಗಿ ಈಗ ಕವಲಿನಲ್ಲಿ ನೀರಿಗೆ ನಿಂತವರು ಕೆಲವೊಮ್ಮೆ, “ಆ ಬಾರ್ಲಿ ಮನೆ ಇದೇನಾ?” ಎಂದು ಕೇಳುತ್ತಾರೆ.

ನನ್ನ ಕಿವಿ ಬಿಸಿಯಾಗುತ್ತದೆ. ಹೊರಗೆ ಬಂದು, “ಹೌದು, ಇದೇ. ನಾನೇ” ಎನ್ನುತ್ತೇನೆ.