ತಂದೆಯ ಉದ್ಯೋಗ ಎಂಬ ಕಾಲಂ

ಆ ಕಾಗದ ನನ್ನ ಟ್ರಂಕಿನಲ್ಲಿದೆ ಎಂದು ತಮ್ಮನಿಗೆ ಗೊತ್ತಿತ್ತು. ಅದರಲ್ಲಿ ಏನು ಬರೆದಿದೆ ಎಂಬುದು ಮಾತ್ರ ನನಗೊಬ್ಬಳಿಗೇ ಗೊತ್ತಿತ್ತು.

"ಅಕ್ಕ, ಸಿಕ್ತಾ?" ಕೆಳಗಿನಿಂದ ಕೂಗಿದ. ಗುರುವಾರ, ಬೆಳಿಗ್ಗೆ ಒಂಬತ್ತೂವರೆ. ಚಾಮರಾಜಪೇಟೆಯ ನಮ್ಮ ಮನೆ ಇರುವುದೇ ಹಾಗೆ: ಕೆಳಗೆ ಅಪ್ಪ ಶುರು ಮಾಡಿದ ಮಟನ್ ಅಂಗಡಿ, ಮೇಲೆ ನಾವು. ಅಲ್ಲಿ ಕತ್ತಿ ಮಸೆದರೆ ಇಲ್ಲಿ ನನ್ನ ಮಂಚಕ್ಕೆ ಕೇಳಿಸುತ್ತದೆ.

"ಹುಡುಕ್ತಿದೀನಿ ಕಣೋ," ಎಂದೆ. ಸುಳ್ಳು. ಕಾಗದ ನನ್ನ ತೊಡೆಯ ಮೇಲೇ ಇತ್ತು.

ವಿಷಯ ಇಷ್ಟು. ಇನ್ನು ಮುಂದೆ ಅಂಗಡಿಯಲ್ಲಿ ಕುರಿ ಕಡಿಯುವಂತಿಲ್ಲ, ಬಾಗಿಲಲ್ಲಿ ಮಾಂಸ ನೇತುಹಾಕುವಂತಿಲ್ಲ, ಗಾಜಿನ ಕೋಲ್ಡ್ ಕ್ಯಾಬಿನೆಟ್ ಇಲ್ಲದವರಿಗೆ ಮುಂದಿನ ವರ್ಷದ ಲೈಸೆನ್ಸ್ ಇಲ್ಲ ಎಂದಾಗಿತ್ತು. ಅಂಥದ್ದನ್ನು ಸ್ವಂತ ದುಡ್ಡಿನಲ್ಲಿ ತರುವ ಶಕ್ತಿ ತಮ್ಮನಿಗಿರಲಿಲ್ಲ. ಸರ್ಕಾರ ಸಬ್ಸಿಡಿ ಕೊಡುತ್ತೇನೆಂದಿತು: ಕುರಿ ಸಾಕುವವರಿಗೆ ಕುರಿಯ ಕಿವಿಗೆ ನಂಬರಿನ ಓಲೆ, ನೆಲದಿಂದ ಎತ್ತರಿಸಿದ ಕೊಟ್ಟಿಗೆ, ಮಾಂಸ ಮಾರುವವರಿಗೆ ಕ್ಯಾಬಿನೆಟ್. ಒಬ್ಬರ ಅರ್ಜಿಯಲ್ಲಿ ಇನ್ನೊಬ್ಬರ ಹೆಸರಿರಬೇಕು. ಶಿರಾ ಕಡೆಯ ಕುರಿಗಾರನೊಬ್ಬನಿದ್ದಾನೆ, ಅಪ್ಪನ ಕಾಲದಿಂದ ನಮಗೆ ಅವರ ಮನೆಯ ಕುರಿಯೇ. ಅವನು ತಮ್ಮನ ಹೆಸರು ಬರೆದುಕೊಟ್ಟು ಕಾಯುತ್ತಿದ್ದ. ನಮ್ಮದು ಬಿದ್ದರೆ ಅವನದೂ ಬೀಳುತ್ತಿತ್ತು.

ದೊಡ್ಡ ಕಂಪನಿಯವರು ಹಿಂಬಾಗಿಲಿನಿಂದ ನುಗ್ಗಬಾರದೆಂದು ಒಂದು ಷರತ್ತು ಹಾಕಿದ್ದರು. ಅರ್ಜಿ ಹಾಕಿದವರ ಮನೆತನ ಹಿಂದಿನಿಂದಲೂ ಇದೇ ಕಸುಬಿನಲ್ಲಿತ್ತು ಎನ್ನುವುದಕ್ಕೆ ಒಂದು ಹಳೆಯ ದಾಖಲೆ ಬೇಕು. ನಮ್ಮಲ್ಲಿ ದಾಖಲೆ ಇತ್ತು. ಅಪ್ಪ ತಮ್ಮ ಮೊದಲ ಲೈಸೆನ್ಸನ್ನು ಹಲಗೆಗೆ ಅಂಟಿಸಿ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಿದ್ದರು. ಪ್ರತಿ ಆಯುಧಪೂಜೆಗೆ ಕತ್ತಿ, ತಕ್ಕಡಿ, ಮಾಂಸ ಕೊಚ್ಚುವ ಹುಣಸೆ ದಿಮ್ಮಿ ಎಲ್ಲಕ್ಕೂ ಹಚ್ಚುವಂತೆ ಅದಕ್ಕೂ ಅರಿಶಿನ, ಗಂಧ, ಕುಂಕುಮ. ಅಪ್ಪ ಹೋದ ಮೇಲೆ ತಮ್ಮ ಇನ್ನಷ್ಟು ಭಕ್ತಿಯಿಂದ ಬಳಿದ. ಈಗ ಅದರಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಹಿಂದಿನ ವಾರ ತಪಾಸಣೆಗೆ ಬಂದ ಪಶುವೈದ್ಯೆ, ಸ್ಕೂಟರಿನ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡೇ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಸರ್, ಇದು ಲೈಸೆನ್ಸಾ, ದೇವರ ಪಟಾನಾ?"

"ನಮಗೆ ಎರಡೂ ಅದೇ ಮೇಡಂ."

"ನಿಮ್ಮ ತಂದೆಯವರ ಕಸುಬು ಬರೆದಿರೋ ಬೇರೆ ಯಾವುದಾದ್ರೂ ಹಳೇ ಪೇಪರ್ ಹುಡುಕಿಡಿ. ಗುರುವಾರ ಬರ್ತೀನಿ. ಅವತ್ತು ಸಂಜೆಗೆ ಲಿಸ್ಟ್ ಕ್ಲೋಸ್."

ತಮ್ಮ ಓದಿದ ಶಾಲೆ ಮುಚ್ಚಿ ಎಷ್ಟೋ ವರ್ಷವಾಗಿದೆ. ಅವನಿಗೆ ಹೊಳೆದದ್ದು ನನ್ನ ಕಾನ್ವೆಂಟ್. "ಅಕ್ಕನ ಅಡ್ಮಿಷನ್ ಫಾರಂ ಕಾಪಿ ಇದೆ ಮೇಡಂ, ಅಪ್ಪನ ಸೈನ್ ಸಮೇತ!" ಎಂದು ಅವನು ಎದೆಯುಬ್ಬಿಸಿ ಹೇಳುವಾಗ ನಾನು ಮೆಟ್ಟಿಲ ಮೇಲೆ ನಿಂತಿದ್ದೆ.

ನನಗಾಗ ಹತ್ತು ವರ್ಷ. ಅಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕಾಗದಕ್ಕೆ ವಾಸನೆ ತಾಗಬಾರದೆಂದು ನಿಂಬೆಸಿಪ್ಪೆಯಿಂದ ಎರಡೂ ಕೈ ಉಜ್ಜಿಕೊಂಡು ಬಂದು ಅಡಿಗೆಮನೆಯ ನೆಲದ ಮೇಲೆ ನನ್ನೆದುರು ಕೂತರು. ನಾನು ಒಂದೊಂದೇ ಕಾಲಂ ಓದುತ್ತಾ, ಅರ್ಥ ಹೇಳುತ್ತಾ, ತುಂಬುತ್ತಾ ಹೋದೆ. ಫಾದರ್ಸ್ ಆಕ್ಯುಪೇಷನ್. ಇಂಟರ್‌ವ್ಯೂ ದಿನ ನನ್ನ ಪಕ್ಕ ಕೂತಿದ್ದ ಹುಡುಗಿಯರ ಅಪ್ಪಂದಿರೆಲ್ಲ ಅಡ್ವೊಕೇಟು, ಡಾಕ್ಟರು. ನಾನು ಕ್ಲಾತ್ ಮರ್ಚೆಂಟ್ ಎಂದು ಬರೆದೆ, ದುಂಡಗೆ, ಗೆರೆ ಮುಟ್ಟದಂತೆ.

"ಏನ್ ಬರೆದೆ ಮಗಳೇ?"

"ವ್ಯಾಪಾರ ಅಂತ ಅಪ್ಪ."

"ಹೂಂ, ವ್ಯಾಪಾರಾನೇ ತಾನೆ," ಎಂದು ಅಪ್ಪ ಕನ್ನಡದಲ್ಲಿ ನಿಧಾನವಾಗಿ ಸಹಿ ಹಾಕಿದರು. ಶಾಲೆಯ ಮೊಹರು ಬಿದ್ದ ಕಾರ್ಬನ್ ಪ್ರತಿಯನ್ನು ಬಹಳ ದಿನ ಜೇಬಿನಲ್ಲಿಟ್ಟುಕೊಂಡು, ಅಂಗಡಿಗೆ ಬಂದವರಿಗೆಲ್ಲ ತೋರಿಸಿದರು. ಯಾರಾದರೂ ಓದಿ ಹೇಳಿದರೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು.

ಬಟ್ಟೆ ವ್ಯಾಪಾರ ನನ್ನ ಕಲ್ಪನೆಯಲ್ಲ. ಎದುರು ಮನೆಯವರದು. ಅವರು ವಿಭೂತಿ ಹಚ್ಚುವ ಶಿವಭಕ್ತರು, ಚಿಕ್ಕಪೇಟೆಯಲ್ಲಿ ಸೀರೆಯ ಸಗಟು ಅಂಗಡಿ. ಆ ಮನೆಯ ಮಗಳು ನನ್ನ ಕ್ಲಾಸ್‌ಮೇಟ್, ನನ್ನದೇ ಡೆಸ್ಕು. ಸಿಸ್ಟರ್ ಒಬ್ಬರು ಎಲ್ಲರೆದುರು, ನಿಮ್ಮ ತಂದೆಯ ಅಂಗಡಿಯಲ್ಲಿ ಎಂಥ ಬಟ್ಟೆ ಸಿಗುತ್ತದೆ ಎಂದು ಕೇಳಿದಾಗ ನಾನು ಅವಳ ಅಪ್ಪನ ಅಂಗಡಿಯ ಕಪಾಟುಗಳನ್ನು ಒಂದೊಂದಾಗಿ ವರ್ಣಿಸಿದೆ. ಪಕ್ಕದಲ್ಲಿ ಅವಳು ಪೆನ್ಸಿಲ್ ಚೂಪು ಮಾಡುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ.

ಹನ್ನೊಂದಕ್ಕೆ ಸ್ಕೂಟರ್ ನಿಂತ ಸದ್ದು. ಅಷ್ಟರಲ್ಲಿ ಶಿರಾದ ಕುರಿಗಾರ ಎರಡು ಸಲ ಫೋನ್ ಮಾಡಿದ್ದ. ನಾನು ಮೆಟ್ಟಿಲಿಳಿಯುವಾಗ ಮೂರನೆಯದು, ಸ್ಪೀಕರಿನಲ್ಲಿ: "ಯಜಮಾನ್ರೇ, ಮೇಡಮ್ಮೋರು ಬಂದ್ರಾ? ನಮ್ಮೆಂಗಸ್ರು ಆಗ್ಲೇ ಕೊಟ್ಗೆ ಜಾಗ ಗುಡಿಸ್ ಮಡಗವ್ರೆ."

"ಬಂದ್ರು, ಇಡಪ್ಪ," ಎಂದು ತಮ್ಮ ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಮಡಿಕೆಯನ್ನೂ ಬಿಡಿಸದೆ ಮೇಡಂ ಕೈಗೆ ಕೊಟ್ಟ.

ಅವರು ಓದಿದರು. ನನ್ನನ್ನು ನೋಡಿದರು. ಮತ್ತೆ ಓದಿದರು.

"ಆಂಟಿ, ಇದರಲ್ಲಿ ಕ್ಲಾತ್ ಮರ್ಚೆಂಟ್ ಅಂತಿದೆ?"

ತಮ್ಮ ಅವರ ಭುಜದ ಮೇಲಿಂದ ಬಗ್ಗಿದ. ಅಕ್ಷರ ಕೂಡಿಸಿ ಓದುವಷ್ಟು ಇಂಗ್ಲಿಷ್ ಅವನಿಗೆ ಬರುತ್ತದೆ. ಕೈಯಲ್ಲಿದ್ದ ಬಟ್ಟೆಯಿಂದ ಕಟ್ಟೆಯ ಒರೆಸಿದ ಜಾಗವನ್ನೇ ಮತ್ತೆ ಒರೆಸತೊಡಗಿದ. "ಯಾರ್ ಬರೆದಿದ್ದು ಇದನ್ನ?"

"ನಾನು," ಎಂದೆ.

ಖೀಮಾಕ್ಕೆ ಕಾಯುತ್ತಿದ್ದ ಗಿರಾಕಿಯೊಬ್ಬರು ಸುಮ್ಮನೆ ರಸ್ತೆ ನೋಡುತ್ತಾ ನಿಂತರು.

"ಇದನ್ನ ಫೈಲಿಗೆ ಹಾಕಿದ್ರೆ ನಿಮ್ಮ ಕೇಸ್ ನಾನೇ ಕೆಡಿಸ್ದಂಗೆ," ಎಂದರು ಮೇಡಂ. "ಹಾಕದೇ ಇದ್ರೆ ದಾಖಲೇನೇ ಇಲ್ಲ. ಒಂದೇ ದಾರಿ. ಇದು ತಪ್ಪು ಅಂತ ನೀವು ಹೇಳಿಕೆ ಬರ್ಕೊಡಿ. ನಿಮ್ಮನ್ನ ಚಿಕ್ಕಂದಿನಿಂದ ನೋಡಿರೋ ನೆರೆಯವರು ಯಾರಾದ್ರೂ ಹೌದು ಅಂತ ಸೈನ್ ಹಾಕ್ಬೇಕು, ನನ್ನ ಮುಂದೆ. ಅಂಥವರು ಇದಾರಾ?"

ಬೀದಿಯಲ್ಲಿ ಹಳಬರು ಅಂತ ಉಳಿದಿದ್ದವಳು ಒಬ್ಬಳೇ. ಮದುವೆಯಾದ ಮೇಲೂ ತವರಿನಲ್ಲೇ ನಿಂತು ತನ್ನಪ್ಪನ ಸೀರೆ ಅಂಗಡಿ ನೋಡಿಕೊಂಡ ಆ ಎದುರು ಮನೆಯ ಗೆಳತಿ. ಆದರೆ ಎರಡು ವರ್ಷದ ಕೆಳಗೆ ಅವಳ ಸೊಸೆ ನಮ್ಮ ಅಂಗಡಿಯ ವಾಸನೆ ಬಗ್ಗೆ ದೂರು ಕೊಟ್ಟಿದ್ದಳು. ಅಂದಿನಿಂದ ನಾವಿಬ್ಬರೂ ದೂರದಿಂದ ತಲೆಯಾಡಿಸಿದ್ದು ಬಿಟ್ಟರೆ ಮಾತಿಲ್ಲ. ಅವಳು ಬೇಡ ಎಂದರೆ ಸಾಕು, ಅಂಗಡಿ ತಾನಾಗಿಯೇ ಮುಚ್ಚುತ್ತಿತ್ತು.

ನಾನೂ ಮೇಡಮ್ಮೂ ರಸ್ತೆ ದಾಟಿದೆವು. ತಮ್ಮ ಬರಲಿಲ್ಲ. ಗೆಳತಿ ವರಾಂಡದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಬಾಗಿಲಲ್ಲಿ ಸೊಸೆ. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ತಡವರಿಸುತ್ತಾ, ಅರ್ಧ ಇಂಗ್ಲಿಷಿನಲ್ಲಿ. ಅವಳ ಕೈ ನಿಲ್ಲಲಿಲ್ಲ.

"ನಮ್ಮಪ್ಪನ ಅಂಗಡೀನ ಎಷ್ಟು ವರ್ಷ ನಡೆಸಿದ್ಯಲ್ಲೇ," ಎಂದಳು ಕೊನೆಗೆ. "ಬಾಡಿಗೆ ಏನಾದ್ರೂ ಕೊಟ್ಯಾ?"

"ಆವತ್ತೇ ಹೇಳ್ಬಹುದಿತ್ತಲ್ಲ ನೀನು. ಸಿಸ್ಟರ್ ಮುಂದೆ."

"ಇಡೀ ಕ್ಲಾಸಿಗೆ ಗೊತ್ತಿತ್ತು ಕಣೇ! ಸ್ಕೂಲ್ ಡೇ ದಿನ ನಿಮ್ಮಪ್ಪ ರಕ್ತದ ಕಲೆ ಅಂಗೀಲೇ ಗೇಟ್ ಹತ್ರ ನಿಂತಿದ್ರಲ್ಲ. ನೀನೊಬ್ಳೇ ಆಕಡೆ ತಿರುಗಿ ನೋಡ್ಲಿಲ್ಲ."

ಸೊಸೆ ಮೇಡಮ್ಮಿನ ಕಡೆ ತಿರುಗಿ, ಗಾಜಿನ ಪೆಟ್ಟಿಗೆ ಬಂದರೆ ವಾಸನೆ ನಿಲ್ಲುತ್ತದೆಯೇ ಎಂದು ಕೇಳಿದಳು. "ಬಾಗಿಲಲ್ಲಿ ಏನೂ ನೇತಾಡಲ್ಲಮ್ಮ. ಕಡಿಯೋದೂ ಇಲ್ಲಿರಲ್ಲ," ಎಂದರು ಮೇಡಂ.

"ಸರಿ, ಸೈನ್ ಹಾಕ್ತೀನಿ," ಎಂದಳು ಗೆಳತಿ. "ಆದ್ರೆ ಆಕಡೆ ನಾನು ಬರಲ್ಲ, ಇಲ್ಲೇ. ಮೊದಲು ನೀನು ಬರಿ. ಇಂಗ್ಲಿಷಲ್ಲಿ ಬೇಡ. ಇಂಗ್ಲಿಷಲ್ಲಿ ನೀನು ಸುಳ್ಳು ಬಹಳ ಚೆನ್ನಾಗಿ ಬರೀತೀಯ."

ನನ್ನ ಕನ್ನಡ ಕೈಬರಹ ಈಗಲೂ ಕಾಗೆ ಕಾಲಿನಂತಿದೆ. ಜಗಲಿಯ ಮೇಲೆ ಕಾಗದ ಇಟ್ಟು ಬರೆದೆ. ನಮ್ಮ ತಂದೆ ಕುರಿ ಕಡಿದು ಮಾಂಸ ಮಾರುತ್ತಿದ್ದರು. ಕೊನೆಯವರೆಗೂ ಅದನ್ನೇ ಮಾಡಿದರು. ಶಾಲೆಯ ಅರ್ಜಿಯಲ್ಲಿ ಬಟ್ಟೆ ವ್ಯಾಪಾರ ಎಂದು ಬರೆದವಳು ನಾನು. ಸಹಿ ಹಾಕುವಾಗ ಅವರಿಗೆ ಅದು ತಿಳಿದಿರಲಿಲ್ಲ. ಇಷ್ಟಕ್ಕೆ ಎಷ್ಟು ಹೊತ್ತು ಹಿಡಿಯಿತೆಂದರೆ ಗೆಳತಿಯ ಬುಟ್ಟಿಯಲ್ಲಿ ಅವರೆಕಾಯಿ ಮುಗಿದಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಎರಡು ಸಲ ಓದಿ ಸಹಿ ಹಾಕಿದಳು.

ಮೇಡಂ ಎರಡೂ ಕಾಗದಗಳನ್ನು ಪಿನ್ ಮಾಡಿ ಬ್ಯಾಗಿನಲ್ಲಿಟ್ಟುಕೊಂಡರು. "ನನ್ನ ಕಡೆಯಿಂದ ಕಳಿಸ್ತೀನಿ. ಒಪ್ಪೋದು ಬಿಡೋದು ಮೇಲಿನವರಿಗೆ ಬಿಟ್ಟಿದ್ದು." ಅಪ್ಪನ ಸಹಿಯೂ ಆ ಸ್ಕೂಟರಿನಲ್ಲೇ ಹೋಯಿತು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ತಮ್ಮ ಒಂದೇ ಒಂದು ಕೇಳಿದ: "ಅಪ್ಪ ಕೇಳ್ದಾಗ ಏನಂದೆ?" ನಾನು ಹೇಳಿದೆ. ಅದಾದ ಮೇಲೆ ನನ್ನೊಂದಿಗೆ ಮಾತು ನಿಲ್ಲಿಸಿದ. ಭಾನುವಾರ ಅಂಗಡಿಯ ಮೊದಲ ತೂಕ ಯಾರದೇ ಆಗಿರಲಿ, ಅದಕ್ಕೂ ಮುಂಚೆ ನನಗೆಂದು ಎದೆಭಾಗದ ನಾಲ್ಕು ತುಂಡು ತೆಗೆದು ಮೇಲೆ ಕಳಿಸುವುದು ಅಪ್ಪನ ಕಾಲದ ಪದ್ಧತಿ. ತಮ್ಮ ಅದನ್ನು ಒಂದು ವಾರವೂ ತಪ್ಪಿಸಿದವನಲ್ಲ. ಆ ಭಾನುವಾರ ಏನೂ ಬರಲಿಲ್ಲ. ನಾನು ಸೊಪ್ಪಿನ ಸಾರು ಮಾಡಿಕೊಂಡೆ. ಅದರ ಮುಂದಿನ ಭಾನುವಾರವೂ ಅದೇ. ಕೆಳಗೆ ಫೋನ್ ಹೊಡೆದಾಗಲೆಲ್ಲ ಮೆಟ್ಟಿಲ ತನಕ ಹೋಗಿ ಕಿವಿಗೊಟ್ಟು ನಿಲ್ಲುತ್ತಿದ್ದೆ. ಪ್ರತಿ ಸಲವೂ ಕುರಿಗಾರ, ಪ್ರತಿ ಸಲವೂ ತಮ್ಮನದು ಅದೇ ಉತ್ತರ: "ಇನ್ನೂ ಇಲ್ಲಪ್ಪ."

ಲಿಸ್ಟಿನಲ್ಲಿ ಹೆಸರು ಬಂದ ಸುದ್ದಿಯನ್ನು ನನಗೆ ಹೇಳಿದವಳು ಗೆಳತಿ, ಎದುರು ವರಾಂಡದಿಂದ ಕೂಗಿ. ಕ್ಯಾಬಿನೆಟ್ ಇಳಿಯಿತು. ಶಿರಾದಲ್ಲಿ ಕೊಟ್ಟಿಗೆಯ ಕಂಬ ಎದ್ದವು. ಹುಣಸೆ ದಿಮ್ಮಿಯನ್ನು ತೆಗೆಯಲೇಬೇಕೆಂದಾಗ ತಮ್ಮ ಅದನ್ನು ಒಬ್ಬನೇ ಮೆಟ್ಟಿಲೇರಿಸಿ, ನನ್ನ ಕೋಣೆಯ ಬಾಗಿಲ ಪಕ್ಕ ಇಟ್ಟು ಇಳಿದುಹೋದ.

ಹೊಸ ಬೋರ್ಡಿನವನು ಅಳತೆ ತೆಗೆದುಕೊಳ್ಳಲು ಬಂದ ದಿನ ಕೆಳಗಿನಿಂದ ತಮ್ಮನ ದನಿ ಕೇಳಿಸಿತು.

"ಅಕ್ಕ! ಬೋರ್ಡಿಗೆ ಏನಂತ ಬರೆಸ್ಲಿ? ಕ್ಲಾತ್ ಸ್ಟೋರ್ಸ್ ಅಂತಾನಾ?"

ಅಪ್ಪನ ಬಗ್ಗೆ ಕೇಳಿದ ಆ ಒಂದು ಪ್ರಶ್ನೆಯ ನಂತರ ಅವನು ನನ್ನೊಂದಿಗೆ ಆಡಿದ ಮೊದಲ ಮಾತು. ಕ್ಯಾಲೆಂಡರಿನ ಹಾಳೆ ಹರಿದುಕೊಂಡು ಇಳಿದೆ. ಹಿಂಬದಿಯಲ್ಲಿ ಮೇಲೆ ಅಪ್ಪನ ಹೆಸರು, ಕೆಳಗೆ ಮಟನ್ ಸ್ಟಾಲ್ ಎಂದು ಕನ್ನಡದಲ್ಲಿ ಬರೆದು ಕೊಟ್ಟೆ. ತಮ್ಮ ಅದನ್ನು ಕೈಚಾಚಿ ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದ.

"ಚಿಕ್ಕದಾಯ್ತು. ಎದುರು ಮನೆಗೆ ಕಾಣ್ಬೇಕು."

ಮೇಲೆ ಹೋಗಿ ಮುಂದಿನ ತಿಂಗಳ ಹಾಳೆಯನ್ನೂ ಹರಿದೆ.