ಒಂಟೆ ಛತ್ರದ ಬಾಗಿಲಲ್ಲಿ ಪಟ್ಟದ ಗೊಂಬೆಗಳು

ಕಳೆದ ಬೇಸಿಗೆಯಲ್ಲಿ ಟರ್ಕಿಗೆ ಹೋಗಿ ಬಂದಾಗಿನಿಂದ ನನಗೆ ಒಂದೇ ಹುಚ್ಚು. ಸಮುದ್ರ ನೋಡಲು ಹೋದವರು ನಾವು. ನಾನು ಮರುಳಾಗಿದ್ದು ಮಾತ್ರ ಒಳನಾಡಿನ ಬಯಲಲ್ಲಿ ನಿಂತಿದ್ದ ಒಂದು ಕಲ್ಲಿನ ಕಟ್ಟಡಕ್ಕೆ. ಸೆಲ್ಜುಕ್ ಸುಲ್ತಾನರ ಕಾಲದ ಕ್ಯಾರವಾನ್‌ಸರಾಯ್ ಅದು, ಒಂಟೆಗಳ ಸಾಲು ಹೊಡೆದುಕೊಂಡು ಬರುತ್ತಿದ್ದ ವ್ಯಾಪಾರಿಗಳು ತಂಗುವ ಛತ್ರ. ಹೊರಗಿನಿಂದ ಥೇಟ್ ಕೋಟೆ: ಕಿಟಕಿಯೇ ಇಲ್ಲದ ಗೋಡೆ, ಒಳಹೋಗಲು ಒಂದೇ ಬಾಗಿಲು. ಆದರೆ ಆ ಬಾಗಿಲೋ! ಹೊರೆ ಹೊತ್ತ ಒಂಟೆ ತಲೆ ತಗ್ಗಿಸದೆ ನುಗ್ಗುವಷ್ಟು ಎತ್ತರ, ಅದರ ನೆತ್ತಿಯಲ್ಲಿ ಜೇನುಗೂಡಿನ ಹಾಗೆ ಗೂಡುಗೂಡಾಗಿ ಕೆತ್ತಿದ ಕಲ್ಲು. ಕತ್ತು ನೋಯುವವರೆಗೂ ನೋಡಿದೆ.

ದಸರಾ ಹತ್ತಿರವಾದಾಗ ತೀರ್ಮಾನಿಸಿಬಿಟ್ಟೆ. ಐರ್ಲೆಂಡಿನ ಕಾರ್ಕ್ ಪಕ್ಕದ ಬ್ಯಾಲಿನ್‌ಕೊಲಿಗ್‌ನ ನಮ್ಮ ಮನೆಯಲ್ಲಿ ಈ ಸಲ ಗೊಂಬೆ ಕೂರಿಸಲು ಮೆಟ್ಟಿಲು ಕಟ್ಟುವುದಿಲ್ಲ, ಆ ಛತ್ರವನ್ನೇ ಕಟ್ಟುತ್ತೇನೆ!

ತೊಂದರೆ ಒಂದೇ, ಅದು ಅಮ್ಮ. ಮೈಸೂರಿನಿಂದ ಬರುವಾಗ ತನ್ನ ಮದುವೆಯಲ್ಲಿ ಕೊಟ್ಟಿದ್ದ ಪಟ್ಟದ ಗೊಂಬೆಗಳನ್ನು, ಮರದ ರಾಜ ರಾಣಿಯನ್ನು, ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ನನಗೆ ಕೊಡಲೆಂದೇ ತಂದಿದ್ದಳು. ಚಿಕ್ಕಂದಿನಿಂದ ನನಗೆ ಅವುಗಳ ಮೇಲೆ ಕಣ್ಣು.

"ಮೆಟ್ಟಿಲಿಲ್ದೆ ಪಟ್ಟದ ಗೊಂಬೆ ಎಲ್ಲಿ ಕೂರಿಸ್ತೀಯೇ? ನೆಲದ ಮೇಲಾ?" ಎಂದಳು. "ಯಾವತ್ತಿದ್ರೂ ಅವ್ರು ಮೇಲಿನ ಮೆಟ್ಟಿಲಲ್ಲೇ. ಆಗಲ್ಲ ಅಂದ್ರೆ ಹೇಳು, ವಾಪಸ್ ತಗೊಂಡು ಹೋಗ್ತೀನಿ."

ಅಮ್ಮ ಬಾಯಿಮಾತಿಗೆ ಹೇಳುವವಳಲ್ಲ. ಬುದ್ಧಿ ಇದ್ದವರಾಗಿದ್ದರೆ ಅಲ್ಲಿಗೇ ಮೆಟ್ಟಿಲು ಜೋಡಿಸುತ್ತಿದ್ದರು. ನನಗೆ ಹಠ.

ನಾನೂ ಮಗಳೂ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಹಾಲ್ ತುಂಬಾ ಹರಡಿಕೊಂಡೆವು. ಮಗಳು ಇಲ್ಲೇ ಹುಟ್ಟಿದವಳು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಕಾರ್ಕ್ ಇಂಗ್ಲಿಷಿನಲ್ಲಿ. ಗೋಡೆಗೆ ಉಪ್ಪುಕಾಗದ ಅಂಟಿಸಿದರೆ ಥೇಟ್ ಕಲ್ಲಿನ ಬಣ್ಣ ಬಂದುಬಿಟ್ಟಿತು! ನಡುವೆ ತೆರೆದ ಅಂಗಳ, ಅದರ ಪಕ್ಕಕ್ಕೆ ಕಮಾನುಗಳ ಸಾಲು, ಹಿಂದೆ ಚಳಿಗಾಲಕ್ಕೆಂದು ದಪ್ಪ ಕಂಬಗಳ ಮುಚ್ಚಿದ ಹಜಾರ, ಬೆಳಕು ಇಳಿಯಲು ಅದರ ಮೇಲೊಂದು ಗುಮ್ಮಟ. ಅಂಗಳದ ಮಧ್ಯೆ ನಾಲ್ಕು ಕಮಾನುಗಳ ಮೇಲೆ ನಿಂತ ಪುಟಾಣಿ ಮಸೀದಿ.

ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಸುಮ್ಮನಿರುತ್ತದೆಯೇ? ಅಡುಗೆಮನೆಗೆ ಕೇಳುವ ಹಾಗೆ ಹೇಳುತ್ತಲೇ ಇದ್ದೆ. ಒಂಟೆ ಒಂದು ದಿನದಲ್ಲಿ ನಡೆಯುವಷ್ಟು ದೂರಕ್ಕೊಂದು ಛತ್ರವಂತೆ, ಸುಲ್ತಾನರೂ ಮಂತ್ರಿಗಳೂ ಕಟ್ಟಿಸಿದ್ದಂತೆ. ಯಾವ ಊರು, ಯಾವ ದೇವರು ಎಂದು ಕೇಳದೆ ಮೂರು ದಿನ ಊಟ, ವಸತಿ ಪುಕ್ಕಟೆಯಂತೆ. ಹರಿದ ಚಪ್ಪಲಿಗೆ ಹೊಲಿಗೆ, ಕಾಯಿಲೆ ಬಿದ್ದ ಪ್ರಾಣಿಗೆ ಮದ್ದು, ಎಲ್ಲ ಅಲ್ಲೇ. ಅಮ್ಮ ಹುಳಿಗೆ ಒಗ್ಗರಣೆ ಹಾಕುತ್ತಾ "ಹ್ಞೂಂ" ಅಂದಳು, ಅಷ್ಟೇ.

ಮಾರನೆಯ ಬೆಳಗ್ಗೆ ಎದ್ದು ನೋಡಿದರೆ ಮಸೀದಿಯ ತಲೆಯ ಮೇಲೆ ಒಂದು ತುಳಸಿ ಕುಡಿ!

"ಅಜ್ಜಿ, ದಟ್ಸ್ ದ ಮಾಸ್ಕ್!" ಮಗಳು ಬಿದ್ದು ಬಿದ್ದು ನಕ್ಕಳು.

ಅಮ್ಮನಿಗೆ ನಾಚಿಕೆಯಾಯಿತು. "ಅಂಗಳದ ಮಧ್ಯ ಕಟ್ಟೆ ಇದೆಯಲ್ಲ, ಇವಳು ತುಳಸಿ ಇಡೋದು ಮರೆತಿದ್ದಾಳೆ ಅಂದ್ಕೊಂಡೆ ಕಣೇ. ಅವ್ರು ಪ್ರಾರ್ಥನೆ ಮಾಡೋ ಜಾಗ ಅವ್ರ ಥರಾನೇ ಇರಲಿ," ಎನ್ನುತ್ತಾ ಕುಡಿಯನ್ನು ಮೆಲ್ಲಗೆ ತೆಗೆದಳು.

ನನಗೋ ಕುಣಿಯುವಷ್ಟು ಖುಷಿ. ನಾವು ಏಳುವ ಮೊದಲೇ ಅಮ್ಮ ಕದ್ದು ಬಂದು ನೋಡಿದ್ದಳು! ಈಗ ನೆಲದ ಮೇಲೆ ಕೂತು, ಕಮಾನಿನೊಳಗೆ ಬೆರಳು ತೂರಿಸಿ ಕೇಳಿದಳು: "ಇದ್ರಲ್ಲಿ ರಾಜ ಎಲ್ಲಿ ಮಲಗ್ತಾನೆ?"

ರಾಜ ಇಲ್ಲಿ ಮಲಗುವುದಿಲ್ಲ, ದಾರಿಹೋಕರಿಗೆ ಕಟ್ಟಿಸಿದ್ದಷ್ಟೇ ಎಂದು ಮಗಳು ತನ್ನ ಇಂಗ್ಲಿಷಿನಲ್ಲಿ ಹೇಳಿದಳು.

ಅಮ್ಮ ಕಮಾನಿನಿಂದ ಬೆರಳು ತೆಗೆದಳು. "ಹಾಗಾದ್ರೆ ಯಜಮಾನ್ರು ಮೇಲೆ ಕೂರೋ ಹಾಗಿಲ್ಲ. ಬಾಗಿಲಲ್ಲಿ ನಿಂತು ಬನ್ನಿ ಅನ್ಬೇಕು." ಒಳಗಿನಿಂದ ಸೀರೆಯ ಗಂಟು ತಂದು ಬಿಚ್ಚಿದಳು. ಬಾಗಿಲ ಮುಂದೆ ಒಂದು ಮಣೆ ಇಟ್ಟು, ರಾಜ ರಾಣಿಯನ್ನು ಹೊರಮುಖವಾಗಿ ನಿಲ್ಲಿಸಿದಳು.

ಆ ಹಬ್ಬದ ಗೌಜು ಏನು ಹೇಳಲಿ! ಚನ್ನಪಟ್ಟಣದ ಗೊಂಬೆಗಳು, ಟರ್ಕಿಯ ಒಂಟೆಗಳು, ಮಗಳ ಡೈನೋಸಾರ್‌ಗಳು, ಎಲ್ಲವಕ್ಕೂ ಅಂಗಳದಲ್ಲಿ ಜಾಗ ಸಿಕ್ಕಿತು. ಪಕ್ಕದ ಮನೆಯ ಐರಿಷ್ ಅಜ್ಜಿ ಉಸಲಿ ತಿನ್ನುತ್ತಾ "ಗ್ರ್ಯಾಂಡ್, ಗ್ರ್ಯಾಂಡ್" ಅಂದರೆ, ಅಮ್ಮ ಕನ್ನಡದಲ್ಲೇ ಅವರಿಗೆ "ಒಂಟೆ ಛತ್ರ"ದ ಕಥೆ ಹೇಳಿದಳು. ಮೂರು ದಿನದ ಊಟದ ವಿಷಯ ಬಿಡಲೇ ಇಲ್ಲ.

ವಿಜಯದಶಮಿ ಕಳೆದ ಮೇಲೆ ಗೊಂಬೆಗಳನ್ನು ಪೆಟ್ಟಿಗೆಗೆ ತುಂಬಿದೆವು. ಅಮ್ಮನೂ ಊರಿಗೆ ಹೊರಡುವವಳಿದ್ದಳು. ಕೊಡುತ್ತೇನೆ ಎಂಬ ಮಾತು ಅವಳ ಬಾಯಿಂದ ಮತ್ತೆ ಬಂದಿರಲಿಲ್ಲ, ಕೇಳಲು ನನಗೆ ಧೈರ್ಯವಿರಲಿಲ್ಲ. ರಾಜ ರಾಣಿಯನ್ನು ಸೀರೆಯಲ್ಲಿ ಸುತ್ತಿ ಅವಳ ಮುಂದೆ ಹಿಡಿದೆ.

"ಅವ್ರನ್ಯಾಕೆ ಎತ್ತಿದೆ?" ಅಮ್ಮ ಗದರಿದಳು. "ಬಂದವ್ರು ಹೊರಡ್ತಾರೆ. ಬಾಗಿಲಲ್ಲಿ ನಿಂತವ್ರು ಎಲ್ಲಿಗೆ ಹೋಗ್ತಾರೆ?"

ಗೊಂಬೆಗಳನ್ನು ಬಿಚ್ಚಿ ನನ್ನ ಕೈಗಿಟ್ಟು, ಸೀರೆಯನ್ನಷ್ಟೇ ಮಡಚಿ ತನ್ನ ಸೂಟ್‌ಕೇಸಿಗೆ ಹಾಕಿಕೊಂಡಳು.