ಚಾನೆಲ್ ಬದಲಿಸಿದ ಕೈ

“ಹೊಡೀಬೇಡಿ ರೀ, ಮಗು ಎದ್ಬಿಡುತ್ತೆ!”

ಹಾಡು ಬರಬೇಕಿದ್ದ ಸ್ಪೀಕರಿನಿಂದ ಹೆಂಗಸೊಬ್ಬಳ ಈ ಮಾತು ಬಂತು. ಹಿಂದೆಯೇ ಏಟಿನ ಸದ್ದು. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ನಿಂತಿತು.

ಹೊರಮಾವಿನಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಕಾಲ. ಹಾಲಿನಲ್ಲಿ ಹಾಕಿದ ಹಾಡು ಮಲಗುವ ಕೋಣೆಯ ಹಳೆಯ ಸ್ಪೀಕರ್ ಸೆಟ್ಟಿನಲ್ಲೂ ಕೇಳಬೇಕೆಂದು ಒಬ್ಬರು ಕರೆದಿದ್ದರು. ತಿಪ್ಪಸಂದ್ರದ ನನ್ನ ಅಂಗಡಿಯಿಂದ ವೈರ್‌ಲೆಸ್ ಡಬ್ಬಿ ಎರಡು ತಂದು, ಹಾಡು ಕಳಿಸುವುದನ್ನು ಹಾಲಿನಲ್ಲೂ ಹಿಡಿಯುವುದನ್ನು ಕೋಣೆಯಲ್ಲೂ ಜೋಡಿಸಿದ್ದೆ.

“ಮೇಲಿನ ಮನೆಯವ್ರು. ಮಗು ಅತ್ರೆ ಗೊತ್ತಾಗ್ಲಿ ಅಂತ ತೊಟ್ಟಿಲ ಹತ್ರ ವೈರ್‌ಲೆಸ್ ಮೈಕ್ ಇಟ್ಕೊಂಡಿದ್ದಾರೆ,” ಎಂದರು ಮನೆಯೊಡತಿ, ನೆಲ ನೋಡುತ್ತ.

ಬೇರೆಯವರ ಸಿಗ್ನಲ್ ನುಗ್ಗಿದರೆ ನಮ್ಮ ಕೆಲಸದಲ್ಲಿ ಮದ್ದು ಒಂದೇ. ಎರಡೂ ಡಬ್ಬಿಗಳ ಹಿಂದಿನ ಗುಂಡಿಯನ್ನು ಒಂದನೇ ಚಾನೆಲ್ಲಿನಿಂದ ಎರಡಕ್ಕೆ ಸರಿಸಿದೆ. ಆ ಹೆಂಗಸಿನ ಅಳು ಅರ್ಧಕ್ಕೇ ಕತ್ತರಿಸಿಹೋಗಿ ಹಾಡು ಬಂತು.

“ಈಗ ಕ್ಲಿಯರ್ ಆಗಿದೆ ಮೇಡಂ,” ಎಂದೆ. ಅವರು ತಲೆಯಾಡಿಸಿದರು.

ಏಟು ನಿಂತಿರಲಿಲ್ಲ, ನಮಗೆ ಕೇಳಿಸುವುದು ನಿಂತಿತ್ತು, ಅಷ್ಟೆ. ಅದನ್ನೇ ನಾನು ಕ್ಲಿಯರ್ ಎಂದು ಕರೆದೆ. ಮೇಲಿನ ಮನೆಗೆ ಒಂದೇ ಮಹಡಿಯ ಮೆಟ್ಟಿಲು ಹತ್ತಬೇಕಿತ್ತು. ನಾನು ಸಾಮಾನನ್ನು ಚೀಲಕ್ಕೆ ತುಂಬಿಕೊಂಡು ಕೆಳಗಿಳಿದು ಬಂದೆ.